ಸದ್ದಿಲ್ಲದ ದಾರಿಯ ಹಕ್ಕು

ಮಗಳು ಏಳನೇ ತರಗತಿ ಮುಗಿಸಿದಾಗ ಹಳ್ಳಿಯ ಎಷ್ಟೋ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಹೈಸ್ಕೂಲು ಪಕ್ಕದ ಊರಿನಲ್ಲಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನಡೆದರೆ ಹೋಗಿ ಬರಲು ಎರಡು ಗಂಟೆ ಬೇಕು. ಸೈಕಲ್ಲಿನಲ್ಲಿ ಕಳುಹಿಸೋಣವೆಂದರೆ ಮುಖ್ಯರಸ್ತೆಯ ತುಂಬ ಲಾರಿ, ಟ್ರ್ಯಾಕ್ಟರು, ಹಾರನ್ನು. ಅಬ್ಬಾ ಸುಮ್ಮನಾಗುತ್ತಾರೆ, ಅಮ್ಮಿ ನಿಟ್ಟುಸಿರು ಬಿಡುತ್ತಾರೆ. ಓದು ಅಲ್ಲಿಗೇ ನಿಲ್ಲುತ್ತದೆ. ಹುಡುಗಿಯ ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಅವಳ ಶಾಲೆ ಬಿಡಿಸಿದ್ದು ರಸ್ತೆ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಅದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾಗ, ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆ ಸುಮಾರು ಶೇಕಡಾ 30ರಷ್ಟು ಏರಿದ್ದು ಕಂಡುಬಂತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲೇ ಈ ಏರಿಕೆ ಹೆಚ್ಚು. ನಮ್ಮ ಕರ್ನಾಟಕದಲ್ಲೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭವಾಗಿತ್ತು. ಕೊರೋನಾ ಬಂದ 2020ರಲ್ಲಿ ಆ ವಿತರಣೆ ನಿಂತಿತು. ಆಗ ಸಿಕ್ಕ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಮನೆಯ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿವೆ. ಸೈಕಲ್ಲೇನೋ ಮನೆಗೆ ಬಂತು. ಅದನ್ನು ಧೈರ್ಯವಾಗಿ ತುಳಿಯುವ ದಾರಿ ಎಲ್ಲಿದೆ?

ಫ್ರಾನ್ಸಿನ ಹಳ್ಳಿದಾರಿಗಳು

ಈ ಪ್ರಶ್ನೆಗೆ ಒಂದು ಉತ್ತರ ದೂರದ ಫ್ರಾನ್ಸಿನಲ್ಲಿದೆ. ಫ್ರಾನ್ಸ್ ಎಂದೊಡನೆ ನಮ್ಮ ಸಹೋದರಿಯರಿಗೆ ನೆನಪಾಗುವುದು 2004ರಲ್ಲಿ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಶಿರವಸ್ತ್ರವನ್ನು ನಿಷೇಧಿಸಿದ ಕಾನೂನು. ಆ ನೋವು ಇದ್ದೇ ಇದೆ. ಆದರೂ ಒಳಿತು ಎಲ್ಲಿ ಕಂಡರೂ ಎತ್ತಿಕೊಳ್ಳಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅದೇ 2004ರಲ್ಲಿ ಆ ದೇಶ ತನ್ನ ಸಂಚಾರ ನಿಯಮಗಳಲ್ಲಿ ‘ಹಸಿರು ದಾರಿ’ ಎಂಬ ಹೊಸ ಬಗೆಯ ರಸ್ತೆಯನ್ನೂ ಸೇರಿಸಿತು. ಕಾರು, ಲಾರಿ, ಮೋಟಾರ್ ಬೈಕುಗಳಿಗೆ ಅಲ್ಲಿ ಪ್ರವೇಶವಿಲ್ಲ. ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಗಾಲಿಕುರ್ಚಿಯವರಿಗೆ ಮಾತ್ರ ಆ ದಾರಿ ಮೀಸಲು. ಕೆಲವೆಡೆ ಕುದುರೆ ಸವಾರರಿಗೂ ಅನುಮತಿ ಇದೆ.

ಈ ದಾರಿಗಳಿಗಾಗಿ ಹೊಸದಾಗಿ ಹೊಲಗದ್ದೆ ವಶಪಡಿಸಿಕೊಂಡದ್ದು ಕಡಿಮೆ. ಇದ್ದುದನ್ನೇ ಬಳಸಿಕೊಂಡದ್ದು ಹೆಚ್ಚು. ಬರ್ಗಂಡಿ ಪ್ರಾಂತದಲ್ಲಿ ಜೀವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವೆ ರೈಲು ನಿಂತುಹೋದ ಹಳಿಯ ಜಾಗವನ್ನು 1997ರಲ್ಲಿ ಸೈಕಲ್ ದಾರಿಯಾಗಿ ಮಾಡಿದರು. ಉದ್ದ ಸುಮಾರು 44 ಕಿಲೋಮೀಟರ್. ರೈಲಿಗಾಗಿ ಸಮತಟ್ಟು ಮಾಡಿದ ಜಾಗವಾದ್ದರಿಂದ ಏರಿಳಿತ ಕಡಿಮೆ, ಮಕ್ಕಳೂ ಮುದುಕರೂ ಸುಲಭವಾಗಿ ತುಳಿಯಬಹುದು.

ದಕ್ಷಿಣದಲ್ಲಿ ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆ ಇದೆ. ಇದು ಸಂಚಾರಕ್ಕೆ ತೆರೆದದ್ದು 1681ರಲ್ಲಿ. ಆ ಕಾಲದಲ್ಲಿ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಕುದುರೆಗಳು ಎಳೆಯುತ್ತಿದ್ದವು. ಕುದುರೆ ನಡೆದ ಅದೇ ದಂಡೆಯ ಮೇಲೆ ಇಂದು ಸೈಕಲ್ಲುಗಳು ಓಡುತ್ತವೆ. ಲುವಾರ್ ನದಿಯ ಉದ್ದಕ್ಕೂ ಸುಮಾರು 900 ಕಿಲೋಮೀಟರಿನ ಇನ್ನೊಂದು ದಾರಿಯಿದೆ. ಅದರಲ್ಲಿ ಬಹುಭಾಗ ಹೊಸ ರಸ್ತೆಯಲ್ಲ. ವಾಹನ ಹೆಚ್ಚು ಓಡಾಡದ ಹಳ್ಳಿ ರಸ್ತೆಗಳನ್ನೇ ಒಂದಕ್ಕೊಂದು ಜೋಡಿಸಿ, ಪ್ರತಿ ತಿರುವಿನಲ್ಲೂ ಫಲಕ ನೆಟ್ಟಿದ್ದಾರೆ. ಮಾಮೂಲಿ ರಸ್ತೆಯಲ್ಲೂ ನಿಯಮ ಬಿಗಿ. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ಅಂತರ ಬಿಡಲೇಬೇಕು. 2017ರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ.

ಶಾಂತ ದಾರಿ ಬೇರೆ, ನಿರ್ಜನ ದಾರಿ ಬೇರೆ

ಇಲ್ಲಿ ನಮ್ಮ ತಾಯಂದಿರು ಒಂದು ಆಕ್ಷೇಪ ಎತ್ತುತ್ತಾರೆ. ವಾಹನವಿಲ್ಲದ ದಾರಿ ಎಂದರೆ ಜನವಿಲ್ಲದ ದಾರಿ, ಅಲ್ಲಿಗೆ ಹೆಣ್ಣುಮಗಳನ್ನು ಒಂಟಿಯಾಗಿ ಕಳುಹಿಸುವುದು ಹೇಗೆ? ಆಕ್ಷೇಪ ನ್ಯಾಯವಾದುದೇ. ಶಾಂತ ದಾರಿಗೂ ನಿರ್ಜನ ದಾರಿಗೂ ವ್ಯತ್ಯಾಸವಿದೆ. ಫ್ರಾನ್ಸಿನ ಆ ದಾರಿಗಳಲ್ಲಿ ಲಾರಿಯ ಸದ್ದಿಲ್ಲ, ಆದರೆ ಜನರಿದ್ದಾರೆ. ಅಜ್ಜ ಅಜ್ಜಿ ವಾಕಿಂಗ್ ಹೋಗುತ್ತಾರೆ, ತಾಯಿ ಮಗುವಿನ ಗಾಡಿ ತಳ್ಳುತ್ತಾಳೆ, ದಾರಿ ಊರೂರನ್ನು ಹಾದು ಹೋಗುತ್ತದೆ. ಜನರ ಕಣ್ಣಿರುವುದರಿಂದಲೇ ಆ ದಾರಿ ಸುರಕ್ಷಿತ. ಆದ್ದರಿಂದ ವಾಹನವನ್ನು ದೂರ ಇಟ್ಟರೆ ಸಾಲದು, ಜನರು ಬಂದು ದಾರಿಯನ್ನು ತುಂಬಬೇಕು.

ಇದು ಅರ್ಥವಾಗಲು ಫ್ರಾನ್ಸಿಗೇ ಹೋಗಬೇಕಿಲ್ಲ, ನಮ್ಮ ಮೈಸೂರು ಜಿಲ್ಲೆಯ ಬದನವಾಳು ಸಾಕು. ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವಾಗ ಸಿಗುವ ಈ ಊರು ಖಾದಿಗೆ ಹೆಸರಾದದ್ದು. 1927ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಇಲ್ಲಿನ ಖಾದಿ ಕೇಂದ್ರದಲ್ಲಿ ನೂಲುವ, ನೇಯುವ ಕೈಗಳು ಬಹುಪಾಲು ಹೆಣ್ಣುಮಕ್ಕಳವೇ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸರಳ ಬದುಕಿನ ಪರವಾಗಿ ಬದನವಾಳು ಸತ್ಯಾಗ್ರಹ ನಡೆಸಿದ್ದೂ ಇಲ್ಲೇ.

ಇದೇ ಊರಿನಲ್ಲಿ 1993ರಲ್ಲಿ ಜಾತಿ ಕಲಹ ನಡೆದು ಮೂವರು ದಲಿತರ ಕೊಲೆಯಾಯಿತು. ಆಮೇಲೆ ದಲಿತರ ಕೇರಿಗೂ ಲಿಂಗಾಯತರ ಕೇರಿಗೂ ನಡುವಿನ ದಾರಿ ಬಳಕೆಯೇ ತಪ್ಪಿಹೋಯಿತು. ಅಲ್ಲಿ ವಾಹನದ ಸದ್ದಿರಲಿಲ್ಲ, ಆದರೆ ಅದನ್ನು ಶಾಂತಿ ಎನ್ನಲಾದೀತೇ? ಅದು ಭಯದ ಮೌನ. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆ ಆ ಊರಿಗೆ ಬಂದ ಸಂದರ್ಭದಲ್ಲಿ ಆ ದಾರಿಯನ್ನು ದುರಸ್ತಿ ಮಾಡಿ ಮತ್ತೆ ತೆರೆದರು. ಒಂದು ಸಣ್ಣ ಓಣಿ ತೆರೆಯಲು 29 ವರ್ಷ ಬೇಕಾಯಿತು. ಯಾರೂ ಹೆದರದೆ ಕಾಲಿಡಬಹುದಾದ ದಾರಿಯೇ ನಿಜವಾದ ಶಾಂತ ದಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ದಾರಿಗೂ ಹಕ್ಕುಂಟು

ಪ್ರವಾದಿವರ್ಯರು(ಸ) ದಾರಿಗೂ ಹಕ್ಕಿದೆ ಎಂದು ಕಲಿಸಿದವರು. ದಾರಿಬದಿಯಲ್ಲಿ ಕುಳಿತುಕೊಳ್ಳುವುದನ್ನು ಅವರು ಸಹಾಬಿಗಳಿಗೆ ಬೇಡವೆಂದರು. ಕೂರದೆ ನಿರ್ವಾಹವಿಲ್ಲವೆಂದಾಗ, ಹಾಗಾದರೆ ದಾರಿಯ ಹಕ್ಕನ್ನು ಸಲ್ಲಿಸಿರಿ ಎಂದು ಹೇಳಿ ಆ ಹಕ್ಕುಗಳನ್ನು ಎಣಿಸಿದರು: ದೃಷ್ಟಿ ತಗ್ಗಿಸುವುದು, ಯಾರಿಗೂ ಕಿರುಕುಳ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆದುಹಾಕುವುದನ್ನು ಈಮಾನಿನ ಒಂದು ಶಾಖೆಯೆಂದೂ ಅವರು ತಿಳಿಸಿದ್ದಾರೆ. ಸೈಕಲ್ ತುಳಿಯುವ ಹುಡುಗಿಯನ್ನು ನೋಡಿ ಅಂಗಡಿ ಕಟ್ಟೆಯಲ್ಲಿ ಕುಳಿತ ಹುಡುಗರು ನಗುವುದು, ಸೀಟಿ ಹೊಡೆಯುವುದು ಈ ಹಕ್ಕಿನ ಉಲ್ಲಂಘನೆಯಲ್ಲವೇ? ಹುಡುಗಿಗೆ ಮನೆಯಲ್ಲಿರು ಎನ್ನುವ ಮೊದಲು ಹುಡುಗರಿಗೆ ದೃಷ್ಟಿ ತಗ್ಗಿಸು ಎನ್ನಬೇಕಾದುದು ತಾಯಂದಿರಾದ ನಮ್ಮ ಕರ್ತವ್ಯ. ಜುಮಾ ಖುತ್‌ಬಾದಲ್ಲೂ ಈ ಮಾತು ಬರಲಿ.

ಹೆಣ್ಣು ಸವಾರಿ ಮಾಡುವುದೇ ಸರಿಯಲ್ಲ ಎನ್ನುವವರೂ ಇದ್ದಾರೆ. ಒಂಟೆಯೇರುವ ಮಹಿಳೆಯರಲ್ಲಿ ಕುರೈಷ್ ಮಹಿಳೆಯರು ಉತ್ತಮರೆಂದು ಪ್ರವಾದಿವರ್ಯರೇ(ಸ) ಹೊಗಳಿದ್ದಾರೆ. ಮಕ್ಕಳ ಮೇಲೆ ಅವರಿಗಿದ್ದ ಮಮತೆಯನ್ನೂ ಅದರೊಂದಿಗೇ ಮೆಚ್ಚಿದ್ದಾರೆ. ಮರ್ಯಾದೆಯ ಉಡುಪು, ಮರ್ಯಾದೆಯ ನಡತೆ ಇದ್ದಲ್ಲಿ ಸವಾರಿಯಿಂದ ಲಜ್ಜೆಗೆ ಕುಂದು ಬರುವುದಿಲ್ಲ.

ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯನ್ನು ನೋಡಿ. 1991ರಲ್ಲಿ ಅಲ್ಲಿ ಸಾಕ್ಷರತಾ ಚಳವಳಿ ನಡೆದಾಗ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು, ಅಂಗನವಾಡಿಯವರು ಕಲಿತರು. ಅವರಲ್ಲಿ ಮುಸ್ಲಿಂ ಯುವತಿಯರೂ ಇದ್ದರು. 1992ರ ಮಹಿಳಾ ದಿನದಂದು 1500 ಮಹಿಳೆಯರು ಒಟ್ಟಾಗಿ ಸೈಕಲ್ ಮೆರವಣಿಗೆ ಹೊರಟರು. ಲೇಡೀಸ್ ಸೈಕಲ್ ಸಾಕಾಗದೆ ಗಂಡಸರ ಸೈಕಲ್ಲನ್ನೇ ಕೊಂಡವರೂ ಇದ್ದರು. ಮುಂದಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂಬುದು ಅದರ ಅನುಕೂಲ. ಮೊದಲು ನಕ್ಕ ಊರು ಆಮೇಲೆ ಸುಮ್ಮನಾಯಿತು. ಒಬ್ಬಳು ಹೊರಟರೆ ನಗುತ್ತಾರೆ, ಐವತ್ತು ಮಂದಿ ಹೊರಟರೆ ದಾರಿ ಬಿಡುತ್ತಾರೆ.

ನಮ್ಮಲ್ಲಿ ಏನು ಸಾಧ್ಯ?

ಕಬಿನಿ ಮತ್ತು ನುಗು ಜಲಾಶಯಗಳ ನಾಲೆಗಳು ನಂಜನಗೂಡು ಸೀಮೆಗೆ ನೀರುಣಿಸುತ್ತವೆ. ಕಬಿನಿಯ ಬಲದಂಡೆ ನಾಲೆ ತಿ. ನರಸೀಪುರ ತಾಲ್ಲೂಕಿಗೂ ಹೋಗುತ್ತದೆ. ನಾಲೆಯ ಪಕ್ಕದ ಏರಿದಾರಿಗಳು, ಹೊಲಗಳ ನಡುವಿನ ಬಂಡಿದಾರಿಗಳು, ಊರಿಂದೂರಿಗೆ ಹೋಗುವ ಸಣ್ಣ ಡಾಂಬರು ರಸ್ತೆಗಳು, ಇವೇ ನಮ್ಮ ಹಸಿರು ದಾರಿಗಳಾಗಬಲ್ಲವು. ಬದನವಾಳು, ಕವಲಂದೆ, ಸುತ್ತೂರು ಕಡೆಯ ಸಹೋದರಿಯರು ಒಂದು ಭಾನುವಾರ ಕುಳಿತು, ಮನೆಯಿಂದ ಶಾಲೆಗೆ ಮುಖ್ಯರಸ್ತೆ ತಪ್ಪಿಸಿ ಹೋಗುವ ದಾರಿ ಯಾವುದೆಂದು ಒಂದು ಹಾಳೆಯ ಮೇಲೆ ಗೆರೆ ಎಳೆದು ನೋಡಲಿ. ಮುಖ್ಯರಸ್ತೆ ದಾಟಲೇಬೇಕಾದ ಜಾಗ ಯಾವುದು, ಮುಳ್ಳುಕಂಟಿ ಬೆಳೆದ ಕಡೆ ಯಾವುದು, ದೀಪ ಬೇಕಾದ ಕಡೆ ಯಾವುದು ಎಂದು ಗುರುತಿಸಲಿ. ಆ ಹಾಳೆಯನ್ನು ಮಹಿಳಾ ಗ್ರಾಮಸಭೆಗೆ, ಮಕ್ಕಳ ಗ್ರಾಮಸಭೆಗೆ ಕೊಂಡೊಯ್ದು ಅರ್ಜಿಯಾಗಿ ಕೊಡಲಿ. ನಾಲೆಯ ಏರಿಯಾದರೆ ಕಾವೇರಿ ನೀರಾವರಿ ನಿಗಮಕ್ಕೂ ಒಂದು ಪ್ರತಿ ಹೋಗಲಿ. ಕಂಟಿ ಕಡಿಯುವುದು ದೊಡ್ಡ ಕೆಲಸವೇನಲ್ಲ. ಜಮಾಅತಿನ ಯುವಕರು ಎಲ್ಲ ಕೇರಿಯ ಹುಡುಗರನ್ನೂ ಕರೆದುಕೊಂಡು ಒಂದು ಬೆಳಗ್ಗೆ ಮಾಡಿ ಮುಗಿಸಬಹುದು. ಅದೂ ಸದಕಾ.

ಕಲಿಯುವವರಿಗೆ ಕೆಲವು ಮಾತು. ಫಜ್ರ್ ನಮಾಝ್ ಮುಗಿಸಿ ಬೆಳಕು ಹರಿದ ಮೇಲಿನ ಹೊತ್ತು ಕಲಿಕೆಗೆ ಒಳ್ಳೆಯದು. ಮೊದಲು ಸೀಟನ್ನು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಊರುವಂತಿರಲಿ. ಪೆಡಲ್ ತುಳಿಯದೆ ಕಾಲಿನಿಂದ ನೆಲವನ್ನು ಒತ್ತುತ್ತಾ ಸಾಗಿದರೆ ಎರಡು ಮೂರು ದಿನದಲ್ಲಿ ಸಮತೋಲನ ಬರುತ್ತದೆ. ಬುರ್ಖಾ ಅಥವಾ ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿದರೆ ಅಪಾಯ. ಚೈನಿಗೆ ಪೂರ್ತಿ ಕವರ್, ಹಿಂದಿನ ಚಕ್ರಕ್ಕೆ ಸೀರೆ ಗಾರ್ಡ್ ಹಾಕಿಸಿ, ದುಪಟ್ಟಾವನ್ನು ಪಿನ್ನು ಮಾಡಿ. ಎಡಬದಿಯಲ್ಲೇ ಸಾಗಿ, ಒಬ್ಬರ ಹಿಂದೆ ಒಬ್ಬರು. ಇಬ್ಬರು ಮೂವರು ಜೊತೆಯಾಗಿ ಹೋಗಿ, ಹೊರಡುವ ಮತ್ತು ತಲಪುವ ಹೊತ್ತು ಮನೆಯವರಿಗೆ ತಿಳಿದಿರಲಿ. ನಾಲೆಗೆ ತಡೆಗೋಡೆ ಇಲ್ಲದ ಕಡೆ, ಮಳೆಯಲ್ಲಿ ಏರಿ ಜಾರುವ ಕಡೆ, ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ. ಕತ್ತಲಾಗುವ ಮುಂಚೆ ಮನೆ ಸೇರುವುದಾದರೂ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಲಿ.

ಹಿತ್ತಲಲ್ಲಿ ತುಕ್ಕು ಹಿಡಿದ ಆ ಸೈಕಲ್ಲನ್ನು ಈ ವಾರವೇ ಹೊರಗೆ ತೆಗೆಯಿರಿ. ಟೈರಿಗೆ ಗಾಳಿ, ಚೈನಿಗೆ ಎಣ್ಣೆ, ಬ್ರೇಕಿಗೆ ಹೊಸ ರಬ್ಬರು, ಅಷ್ಟೇ ಖರ್ಚು. ಮುಂದಿನ ಜೂನ್‌ನಲ್ಲಿ ಶಾಲೆಯ ಬಾಗಿಲು ತೆರೆಯುವಾಗ ನಿಮ್ಮ ಮಗಳ ಹೆಸರು ಹಾಜರಿ ಪುಸ್ತಕದಲ್ಲಿರಲಿ, ಇನ್‌ಶಾ ಅಲ್ಲಾಹ್.