ಬೆಲೆ ಕಳೆದುಕೊಂಡ ‘ಲೈಕ್’

ಡೇಟಿಂಗ್ ಆ್ಯಪ್‌ಗಳಲ್ಲಿ ಕಂಡ ಕಂಡ ಪ್ರೊಫೈಲ್‌ಗಳನ್ನೆಲ್ಲ ಬಲಕ್ಕೆ ಸರಿಸುತ್ತಾ, ಅಂದರೆ ಲೈಕ್ ಒತ್ತುತ್ತಾ ಹೋಗುವ ಗಂಡಸರ ಮೇಲೆ ಹೆಣ್ಣುಮಕ್ಕಳಿಗಿರುವ ದೂರು ಹಳೆಯದು. ಪರಿಚಯದ ನಾಲ್ಕು ಸಾಲನ್ನೂ ಓದಿರುವುದಿಲ್ಲ. ಇಬ್ಬರೂ ಲೈಕ್ ಒತ್ತಿ ಮ್ಯಾಚ್ ಆದ ಮೇಲೆ ‘ಹಾಯ್’ ಎಂಬ ಒಂದೇ ಪದ ಬಂದು ಬೀಳುತ್ತದೆ. ಇದನ್ನು ಗಂಡಸರ ಸಭ್ಯತೆಯ ಪ್ರಶ್ನೆಯಾಗಿ ನೋಡುವವರೇ ಹೆಚ್ಚು. ಸಭ್ಯತೆಯ ಕೊರತೆ ಇರುವುದು ನಿಜ. ಆದರೆ ಈ ಚಾಳಿಯನ್ನು ಬೆಳೆಸುತ್ತಿರುವುದು ಆ್ಯಪ್‌ಗಳ ವಿನ್ಯಾಸ, ಅದರಿಂದ ಹಣ ಮಾಡುತ್ತಿರುವುದು ಅವುಗಳ ಕಂಪನಿಗಳು. ಅಲ್ಲಿ ಕೈ ಇಡದೆ ಗಂಡಸರಿಗೆ ಎಷ್ಟು ಬುದ್ಧಿ ಹೇಳಿದರೂ ಪ್ರಯೋಜನವಿಲ್ಲ.

ಲಂಡನ್‌ನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಗ್ಯಾರೆತ್ ಟೈಸನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಅವರು ಲಂಡನ್ ಮತ್ತು ನ್ಯೂಯಾರ್ಕ್‌ನಲ್ಲಿ 14 ಕೃತಕ ಪ್ರೊಫೈಲ್‌ಗಳನ್ನು ಟಿಂಡರ್ ಎಂಬ ಡೇಟಿಂಗ್ ಆ್ಯಪ್‌ಗೆ ಬಿಟ್ಟು, ಎದುರಾದವರಿಗೆಲ್ಲ ಲೈಕ್ ಕೊಟ್ಟರು. ಹೆಣ್ಣಿನ ಪ್ರೊಫೈಲ್‌ಗಳಿಗೆ ಶೇ 10.5ರಷ್ಟು ಮ್ಯಾಚ್ ಸಿಕ್ಕರೆ, ಗಂಡಿನವುಗಳಿಗೆ ಸಿಕ್ಕಿದ್ದು ಶೇ 0.6 ಮಾತ್ರ. ಅಂದರೆ ಒಂದು ಮ್ಯಾಚ್‌ಗೆ ಸುಮಾರು 165 ಲೈಕ್. ಬಹುತೇಕ ಪ್ರೊಫೈಲ್‌ಗಳನ್ನು ಸುಮ್ಮನೆ ಲೈಕ್ ಮಾಡುತ್ತೇವೆಂದು ಸಮೀಕ್ಷೆಯಲ್ಲಿ ಗಂಡಸರಲ್ಲಿ ಮೂರನೇ ಒಂದು ಭಾಗ ಒಪ್ಪಿಕೊಂಡರು. ಮೊದಲ ಸಂದೇಶದ ಉದ್ದವೂ ಇದೇ ಕಥೆ ಹೇಳುತ್ತದೆ: ಗಂಡಸರದು ಸಾಮಾನ್ಯವಾಗಿ 12 ಅಕ್ಷರ, ಹೆಂಗಸರದು 122. ಪ್ರಯೋಗ ಚಿಕ್ಕದು, ಅಂಕಿಗಳನ್ನು ಎಲ್ಲ ಊರಿಗೂ ಅನ್ವಯಿಸಲಾಗದು. ಆದರೂ ಅದು ಬಯಲು ಮಾಡಿದ ವಿಷವರ್ತುಲ ಗಂಭೀರವಾದದ್ದು. ಪ್ರತಿಕ್ರಿಯೆ ಬಾರದ ಗಂಡು ಇನ್ನಷ್ಟು ಲೈಕ್ ಚೆಲ್ಲುತ್ತಾನೆ. ಲೈಕ್‌ಗಳಲ್ಲಿ ಮುಳುಗಿದ ಹೆಣ್ಣು ಇನ್ನಷ್ಟು ಬಿಗಿಯಾಗುತ್ತಾಳೆ. ಆಗ ಅವನಿಗೆ ಸಿಗುವುದು ಮತ್ತೂ ಕಡಿಮೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇತ್ತೀಚೆಗೆ ಇಂಥ ಆ್ಯಪ್ ಬಳಸಿದ ಮಹಿಳೆಯರಲ್ಲಿ ಶೇ 54ರಷ್ಟು ಮಂದಿ ಸಂದೇಶಗಳ ರಾಶಿಗೆ ಕಂಗೆಟ್ಟಿದ್ದರು. ಪುರುಷರಲ್ಲಿ ಶೇ 64ರಷ್ಟು ಮಂದಿಯನ್ನು ಕಾಡಿದ್ದು ಸಂದೇಶವೇ ಬರುತ್ತಿಲ್ಲವೆಂಬ ಕೀಳರಿಮೆ. ಒಂದೇ ರೋಗ, ಎರಡು ನೋವು.

ಕಂಪನಿಗಳಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಟಿಂಡರ್ 2015ರಲ್ಲಿ ಉಚಿತ ಲೈಕ್‌ಗಳಿಗೆ ಮಿತಿ ಹೇರಿದಾಗ ಕೊಟ್ಟ ಕಾರಣಗಳಲ್ಲಿ ಸ್ಪ್ಯಾಮ್ ತಡೆಯುವುದೂ ಒಂದು. ಅದೇ ಹೊತ್ತಿಗೆ ಅದು ‘ಟಿಂಡರ್ ಪ್ಲಸ್’ ಹೆಸರಿನಲ್ಲಿ ಮಿತಿಯಿಲ್ಲದ ಲೈಕ್‌ಗಳನ್ನು ಮಾರಾಟಕ್ಕಿಟ್ಟಿತು. ಯಾವುದನ್ನು ಪಿಡುಗೆಂದು ಕರೆಯಿತೋ ಅದಕ್ಕೇ ದರಪಟ್ಟಿ ಅಂಟಿಸಿತು. 2017ರಲ್ಲಿ ಬಂದ ‘ಗೋಲ್ಡ್’, ನಿಮ್ಮನ್ನು ಯಾರು ಇಷ್ಟಪಟ್ಟಿದ್ದಾರೆಂದು ನೋಡುವ ಅವಕಾಶವನ್ನೂ ಮಾರಿತು. ನೋಡದೆಯೇ ಒತ್ತಿದ ಲೈಕ್ ಕೂಡ ಆ ಪಟ್ಟಿಗೆ ಸೇರುತ್ತದೆ. ಗಂಡಿನ ಹತಾಶೆಯಿಂದಲೂ ವರಮಾನ, ಅದು ಹುಟ್ಟಿಸಿದ ಗದ್ದಲವನ್ನು ಸೋಸಿಕೊಡುವುದರಿಂದಲೂ ವರಮಾನ. ಇದು ಅನ್ಯಾಯ.

ಲೈಕ್‌ಗಳಿಗೆ ಎಲ್ಲರಿಗೂ ಮಿತಿ ಇರಲಿ ಎಂದರೆ, ಯಾರನ್ನು ಇಷ್ಟಪಡಬೇಕು ಎಂಬುದು ವೈಯಕ್ತಿಕ ಸ್ವಾತಂತ್ರ್ಯ, ಅದಕ್ಕೆ ಮಿತಿ ಹಾಕುವುದೇಕೆ ಎಂಬ ಆಕ್ಷೇಪವಿದೆ. ಇನ್ನೂರು ಪ್ರೊಫೈಲ್‌ಗಳನ್ನು ನೋಡದೆ ಸರಿಸುವುದರಲ್ಲಿ ಆಯ್ಕೆಯೇ ಇಲ್ಲ. ಆಯ್ಕೆಯಿಲ್ಲದೆಡೆ ಸ್ವಾತಂತ್ರ್ಯದ ಮಾತೆಲ್ಲಿ? ಮೊದಲೇ ಮ್ಯಾಚ್ ಸಿಗದವರ ಕೈಯನ್ನು ಮಿತಿ ಇನ್ನಷ್ಟು ಕಟ್ಟಿಹಾಕುತ್ತದೆ ಎಂಬ ವಾದ ಇದಕ್ಕಿಂತ ತೂಕದ್ದು. ಒಬ್ಬನಿಗಷ್ಟೇ ಮಿತಿ ಹೇರಿದರೆ ಅವನಿಗೆ ನಷ್ಟ, ಖಂಡಿತ. ಆದರೆ ಬಯಲಾಟದಲ್ಲಿ ಮುಂದಿನವರು ಎದ್ದು ನಿಂತರೆ ಹಿಂದಿನವರೂ ಏಳಬೇಕಾಗುತ್ತದೆ. ಕಾಲು ಎಲ್ಲರಿಗೂ ನೋಯುತ್ತದೆ, ಆಟ ಯಾರಿಗೂ ಹೆಚ್ಚು ಚೆನ್ನಾಗಿ ಕಾಣುವುದಿಲ್ಲ. ಎಲ್ಲರೂ ಕೂತರೆ ಮಾತ್ರ ಲಾಭ. ದಿನಕ್ಕೆ ಹತ್ತೇ ಲೈಕ್ ಇದ್ದರೆ ಕೊಡುವವರು ಓದಿ ಕೊಡುತ್ತಾರೆ, ಪಡೆದವರು ನಂಬುತ್ತಾರೆ. ಇಂಥ ಕಡಿವಾಣ ಅಸಾಧ್ಯವೇನಲ್ಲ. ಉತ್ತರಿಸದ ಸಂಭಾಷಣೆಗಳು ಹೆಚ್ಚಾದರೆ ಅವನ್ನು ಮುಂದುವರಿಸುವ ಅಥವಾ ಮುಗಿಸುವ ತನಕ ಹೊಸ ಮ್ಯಾಚ್ ಇಲ್ಲ ಎಂಬ ನಿಯಮವನ್ನು ಹಿಂಜ್ ಎಂಬ ಇನ್ನೊಂದು ಡೇಟಿಂಗ್ ಆ್ಯಪ್ 2024ರಲ್ಲಿ ತಂದಿತು. ಆದರೆ ಹಣ ಕೊಟ್ಟವರಿಗೆ ಹೆಚ್ಚು ಲೈಕ್ ಎಂಬ ವ್ಯವಸ್ಥೆ ಇರುವವರೆಗೆ ಯಾವ ನಿಯಮವೂ ಅರೆಬರೆಯೇ. ಸ್ಪ್ಯಾಮ್ ತಡೆಯುವುದೇ ಉದ್ದೇಶವಾಗಿದ್ದರೆ, ಲೈಕ್‌ಗಳ ಮಿತಿ ಹಣ ಕೊಟ್ಟವರಿಗೂ ಅನ್ವಯವಾಗಬೇಕು.