ಮರಿ ಬಿಟ್ಟರಷ್ಟೇ ಸಾಲದು, ಹೊಳೆಯೂ ಉಳಿಯಬೇಕು

ಮಳೆಗಾಲ ಬಂದರೆ ಕೆರೆ, ಜಲಾಶಯಗಳಿಗೆ ಎಷ್ಟು ಮೀನುಮರಿ ಬಿಟ್ಟೆವೆಂಬ ಲೆಕ್ಕ ಹೊರಬೀಳುತ್ತದೆ. ಬಿಟ್ಟ ಮರಿ ಏನು ತಿಂದಿತು, ಬೇಸಿಗೆ ದಾಟುವಷ್ಟು ಕೊಬ್ಬು ಮೈಗೂಡಿತೇ ಎಂದು ಕೇಳುವವರು ಕಡಿಮೆ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಂದ ಮುಂದೆ ಮರಿಗೆ ಬರವಿಲ್ಲ. ಗಂಗೆಯ ಕಡೆಯ ಕಾಟ್ಲಾ, ರೋಹು, ಮೃಗಾಲ್ ನಮ್ಮ ಸಂತೆಯ ಮೀನುಗಳಾದವು. ಆದರೆ ಮರಿ ಸುಲಭವಾಗಿ ಸಿಗತೊಡಗಿದ್ದೇ ಹೊಳೆಯನ್ನು ಮರೆಯಲು ನೆಪವಾಯಿತು.

ಮೀನಿನ ಬೆಳವಣಿಗೆ ಅದು ಹುಟ್ಟಿದ ಜಾಗವನ್ನು ಎಷ್ಟು ನೆಚ್ಚಿದೆ ಎಂಬುದನ್ನು ತೀರಾ ಹತ್ತಿರದಿಂದ ನೋಡಿರುವುದು ಸಾಲ್ಮನ್ ಮೀನಿನಲ್ಲಿ. ಚಳಿಗಾಲಕ್ಕೆ ಮುಂಚೆ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿಡದ ಮರಿ ವಸಂತದವರೆಗೆ ಬದುಕುವುದು ಕಷ್ಟ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಪಕ್ಕ ಯೋಲೊ ಬೈಪಾಸ್ ಎಂಬ ನೆರೆ ಬಯಲಿದೆ. ನೆರೆ ನಿಂತಾಗ ಅಲ್ಲಿ ಸೇರಿದ ಸಾಲ್ಮನ್ ಮರಿಗಳು ನದಿಯ ಮುಖ್ಯ ಹರಿವಿನಲ್ಲಿದ್ದವುಗಳಿಗಿಂತ ಬೇಗ ಬೆಳೆದವೆಂದು 2001ರಲ್ಲೇ ಪ್ರಕಟವಾಗಿದೆ. ಅಲ್ಲಿನ ತೆಳುನೀರು ಬೆಚ್ಚಗಿರುತ್ತದೆ, ಹುಳುಹುಪ್ಪಟೆ ಧಾರಾಳ. ಸೆಳವಿಗೆದುರು ಈಜಿ ತಿಂದದ್ದನ್ನು ಕರಗಿಸಿಕೊಳ್ಳುವ ಕಷ್ಟವೂ ಇಲ್ಲ. ಆ ಬಯಲಿನ ಒಂದು ಭಾಗ ಬೇಸಿಗೆಯಲ್ಲಿ ಭತ್ತದ ಗದ್ದೆ ಎಂಬುದನ್ನು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿಯ ಭತ್ತದ ರೈತರು ಗಮನಿಸಬಹುದು.

ತಣ್ಣೀರಿನ ಮೀನಿಗೂ ರಾಯಚೂರಿನ ಬಿಸಿಲಿಗೂ ಎತ್ತಣ ಸಂಬಂಧ ಎಂದು ಕೇಳಬಹುದು. ಮೀನು ಬೇರೆ, ಹಿಮ ಇಲ್ಲಿಲ್ಲ, ನಿಜ. ಆದರೆ ನಮ್ಮ ಹೊಳೆಗಳಿಗೂ ಒಂದು ಕ್ಷಾಮಕಾಲವಿದೆ, ಅದು ಬೇಸಿಗೆ. ಮೇಲೆ ನಾರಾಯಣಪುರ, ಹೊಸಪೇಟೆ ಅಣೆಕಟ್ಟುಗಳಲ್ಲಿ ನೀರು ನಿಂತ ಮೇಲೆ ಕೆಳಗಿನ ಪಾತ್ರದಲ್ಲಿ ಮೀನಿಗೆ ಉಳಿಯುವುದು ಮಡುಗಳೇ. ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವುದು ಮುಂಗಾರಿನ ಹೊಸನೀರು ಹರಡಿದ ಅಂಚಿನಲ್ಲಿ. ಮರಿಗಳ ಮೊದಲ ಮೇವು ಅಲ್ಲಿನ ಸೂಕ್ಷ್ಮಜೀವಿಗಳು. ದೇವದುರ್ಗದ ಕಡೆ ಕೃಷ್ಣೆಯಲ್ಲಿ ಯಂತ್ರ ಇಳಿಸಿ ಮರಳು ಬಗೆದಾಗ ಈ ಅಂಚೇ ಗುಂಡಿಯಾಗುತ್ತದೆ, ನೀರು ರಾಡಿಯಾಗುತ್ತದೆ, ತಳದ ಪಾಚಿ ಮತ್ತು ಹುಳು ನಾಶವಾಗುತ್ತವೆ. ಮೇವಿಲ್ಲದ ಹೊಳೆಗೆ ಲಕ್ಷ ಮರಿ ಬಿಟ್ಟರೂ ಬೆಳೆಯುವುದು ಯಾವುದನ್ನು ತಿಂದು?

ಮನೆ ಕಟ್ಟಲು ಮರಳು ಬೇಡವೇ ಎಂಬ ಪ್ರಶ್ನೆಗೆ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗಾಗಲೇ ಅರ್ಧ ಉತ್ತರ ಕೊಟ್ಟಿದೆ. ಹೊಂಡದ ಮೀನು ಸಾಕು ಎನ್ನುವವರ ಮಾತು ಇದಕ್ಕಿಂತ ಗಟ್ಟಿ. ಉತ್ಪಾದನೆ ನಿಜಕ್ಕೂ ಅಲ್ಲಿ ಹೆಚ್ಚು. ಆದರೆ ಹೊಂಡಕ್ಕೆ ಜಮೀನು ಬೇಕು, ತೌಡು-ಹಿಂಡಿಗೆ ದುಡ್ಡು ಬೇಕು. ಹರಿಗೋಲು, ಬಲೆ ಬಿಟ್ಟರೆ ಬೇರೇನೂ ಇಲ್ಲದ ಅಂಬಿಗರಿಗೆ ಹೊಳೆಯೇ ಹೊಲ. ಆದ್ದರಿಂದ ಮೀನುಗಾರಿಕೆ ಇಲಾಖೆ ಬಿಟ್ಟ ಮರಿಗಳ ಲೆಕ್ಕದ ಜೊತೆಗೆ, ಬೇಸಿಗೆಯ ಕೊನೆಗೆ ಬಲೆಗೆ ಬಿದ್ದ ಮೀನಿನ ಉದ್ದ, ತೂಕವನ್ನೂ ಪ್ರಕಟಿಸಲಿ. ಕರಗಿದ ಕೊಬ್ಬಿನ ಜಾಗಕ್ಕೆ ನೀರು ತುಂಬಿಕೊಳ್ಳುವುದರಿಂದ ತಕ್ಕಡಿ ಪೂರ್ತಿ ನಿಜ ಹೇಳದು. ಕೆಲವನ್ನಾದರೂ ಪ್ರಯೋಗಾಲಯಕ್ಕೆ ಕಳಿಸಬೇಕು. ಮೀನು ಮೊಟ್ಟೆ ಇಡುವ ಅಂಚುಗಳನ್ನು ಗುರುತಿಸಿ, ಅಲ್ಲಿ ಮರಳಿನ ಗುತ್ತಿಗೆಯನ್ನು ಜಿಲ್ಲಾಡಳಿತ ಕೊಡಲೇಬಾರದು.