ಒಂದು ಶನಿವಾರ ಈ ಮಕ್ಕಳಿಗೆ ಬಿಟ್ಟುಕೊಡಿ

ಶ್ರಾವಣದ ಹೊತ್ತಿಗೆ ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಊರುಗಳಿಗೆ ಹೋಗಿ ನೋಡಿ. ಸೊಪ್ಪು ಹದ ಮಾಡುವ ಬ್ಯಾರನ್ನುಗಳ ಮುಂದೆ ಹಸಿ ಎಲೆಯ ರಾಶಿ ಬಿದ್ದಿರುತ್ತದೆ. ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಕೂತವರಲ್ಲಿ ಹೆಂಗಸರೇ ಹೆಚ್ಚು. ಅವರ ಪಕ್ಕದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯ ದಿನ, ಕೆಲವು ಸಲ ಶಾಲೆ ತಪ್ಪಿಸಿಯೇ ಬಂದು ಕೂತ ಮಕ್ಕಳಿರುತ್ತಾರೆ. ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಾಗುತ್ತದೆ. ಮಳೆಯಲ್ಲಿ ತೊಯ್ದ ಎಲೆಯಾದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿದು ತಲೆಸುತ್ತು, ವಾಂತಿ ತರುತ್ತದೆ. ಆ ಸೊಪ್ಪು ಹದವಾಗಿ, ಬೇಲಾಗಿ, ರಾಮನಾಥಪುರದ ಹರಾಜು ಮಾರುಕಟ್ಟೆ ಸೇರುತ್ತದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಕಾವೇರಿ. ದೇವಸ್ಥಾನದ ಮಗ್ಗುಲಲ್ಲಿ ವಹ್ನಿಪುಷ್ಕರಿಣಿ. ಯಾರೂ ಬಲೆ ಹಾಕದ ಆ ಮಡುವಿನಲ್ಲಿ ತೋಳುದ್ದದ ಮೀನುಗಳು ಭಕ್ತರೆಸೆದ ಪುರಿಗೆ ಬಾಯಿ ತೆರೆಯುತ್ತವೆ. ಸೊಪ್ಪು ಕಟ್ಟುವ ಮಗುವಿಗೆ ಆ ಮೀನು ಯಾವುದು, ಕಾವೇರಿ ಸೀಮೆಯ ಇದರ ಬಂಧು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು ಎನ್ನುವುದು ಯಾಕೆ, ಆ ಬಂಧು ಯಾಕೆ ಅಳಿವಿನಂಚಿಗೆ ಬಂದು ನಿಂತಿದೆ ಎಂದು ಒಂದು ಬೆಳಿಗ್ಗೆ ಕೂತು ಹೇಳಿದವರು ಇದ್ದಾರೆಯೇ?

ಹಳ್ಳಿ ಮಕ್ಕಳಿಗೆ ಪ್ರಕೃತಿ ಶಿಬಿರ ಯಾಕೆ ಸ್ವಾಮಿ, ಅವರು ಹುಟ್ಟಿದ್ದೇ ಹೊಲದಲ್ಲಿ ಅಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೌದು, ಹೊಲದಲ್ಲಿದ್ದಾರೆ. ಹಾಸನದ ಸುತ್ತ ಆಲೂಗಡ್ಡೆ ಆರಿಸುತ್ತಾರೆ, ಹೊಳೆನರಸೀಪುರದ ಕಡೆ ಶುಂಠಿ ಕೀಳುವ ಅವ್ವನ ಹಿಂದೆ ಬುಟ್ಟಿ ಹೊರುತ್ತಾರೆ, ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿ ಒಟ್ಟುತ್ತಾರೆ. ಆದರೆ ಅವರ ಪಾಲಿಗೆ ಬಯಲು ಎಂದರೆ ಕೂಲಿ. ಕಾಡು ಎಂದರೆ ಭಯ. ಕೆರೆ, ಗುಡ್ಡ, ಗುಡಿಯ ಅಂಗಳ ಎಂದರೆ, ಅವರು ಯಾವ ಕೇರಿಯವರು ಎಂಬುದರ ಮೇಲೆ, ಬೈಗುಳ. ಸುಮ್ಮನೆ ಕೂತು ಹಕ್ಕಿ ನೋಡುವ ಒಂದು ಗಂಟೆ ಈ ನಾಲ್ಕು ತಾಲ್ಲೂಕುಗಳ ಸಾವಿರಾರು ಮಕ್ಕಳಿಗೆ ಯಾರೂ ಕೊಟ್ಟಿಲ್ಲ. ಅದು ಕೊಡಬೇಕಾದ ವಸ್ತು ಎಂದು ನಮಗೆ ಹೊಳೆದೂ ಇಲ್ಲ.

ಭಯದ ಮಾತನ್ನೇ ಮೊದಲು ಹೇಳುತ್ತೇನೆ. ಆಲೂರು, ಸಕಲೇಶಪುರ, ಬೇಲೂರು, ಅರಕಲಗೂಡಿನ ಮಲ್ಲಿಪಟ್ಟಣದ ಕಡೆ, ಇಲ್ಲೆಲ್ಲ ಮಗು ಕಾಡಿನ ಬಗ್ಗೆ ಮೊದಲು ಕಲಿಯುವುದೇ ‘ಆನೆ ಬಂದದೆ, ಹೊರಗೆ ಹೋಗಬ್ಯಾಡ’ ಎಂಬ ಮಾತು. ಆ ಭಯ ಸುಳ್ಳಲ್ಲ. ಜನ ಸತ್ತಿದ್ದಾರೆ, ಆನೆಗಳೂ ಸತ್ತಿವೆ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ನಾಡೆಲ್ಲ ಅತ್ತಿತು. ಆದರೆ ಆನೆ ಯಾಕೆ ಹೊಲಕ್ಕೆ ಬರುತ್ತದೆ, ಹಿಂಡಿಗೂ ಒಂಟಿ ಸಲಗಕ್ಕೂ ವ್ಯತ್ಯಾಸವೇನು, ಎದುರಾದರೆ ಯಾವ ಕಡೆ ಸರಿಯಬೇಕು ಎಂದು ತಿಳಿದ ಮಗುವಿನ ಭಯ ಬೇರೆ. ಏನೂ ತಿಳಿಯದೆ ಬಾಗಿಲ ಹಿಂದೆ ನಿಂತ ಮಗುವಿನ ಭಯ ಬೇರೆ. ಎರಡನೆಯದು ಮಗು ದೊಡ್ಡದಾದ ಮೇಲೆ ದ್ವೇಷವಾಗುತ್ತದೆ.

ನೀರಿನ ಕಥೆ ಇನ್ನೂ ಕಠೋರ. 2024ರ ಮೇ ತಿಂಗಳಲ್ಲಿ ಆಲೂರು ತಾಲ್ಲೂಕಿನ ಕೆರೆಯೊಂದರಲ್ಲಿ ಈಜಲು ಇಳಿದ ನಾಲ್ವರು ಹುಡುಗರು ಮೇಲೆ ಬರಲಿಲ್ಲ. ಬೇಸಿಗೆ ರಜೆ ಬಂತೆಂದರೆ ಇಂಥ ಸುದ್ದಿ ಒಂದಲ್ಲ ಒಂದು ತಾಲ್ಲೂಕಿನಿಂದ ಬರುತ್ತಲೇ ಇರುತ್ತದೆ. ನಾವು ಮಾಡುವುದೇನು? ‘ಕೆರೆ ಹತ್ತಿರ ಸುಳಿಯಬೇಡಿ’ ಎಂದು ಗದರುತ್ತೇವೆ. ಹೇಮಾವತಿಯ ನಾಡಿದು! ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು, ಅದರ ಹೊಟ್ಟೆಯಲ್ಲಿ 37 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿ ಗೇಟು ಎತ್ತಿದರೆ ಹೊಳೆನರಸೀಪುರದ ದಡದಲ್ಲಿ ಹೊಳೆ ಏರುತ್ತದೆ. ಇಂಥ ಊರಿನ ಮಗುವಿಗೆ ಈಜು ಬಾರದೆ ಹೋದರೆ ತಪ್ಪು ಮಗುವಿನದಲ್ಲ. ಹೂಳೆತ್ತಿದ ಜೆಸಿಬಿ ಕೆರೆಯ ಅಂಗಳದಲ್ಲಿ ಎಲ್ಲಿ ಗುಂಡಿ ಬಿಟ್ಟುಹೋಗಿದೆ, ಯಾವ ಮಗ್ಗುಲು ತಟ್ಟನೆ ಆಳವಾಗುತ್ತದೆ ಎಂದು ಊರ ಹಿರಿಯರಿಗೆ ಗೊತ್ತು. ಮಕ್ಕಳನ್ನು ಕರೆದೊಯ್ದು ತೋರಿಸಲು ಮಾತ್ರ ಅವರಿಗೆ ಪುರುಸೊತ್ತಿಲ್ಲ.

ಇನ್ನು ಬೈಗುಳ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಂಗಸರು ಬಸವೇಶ್ವರನ ಗುಡಿಯೊಳಗೆ ಕಾಲಿಟ್ಟರೆಂದು ದಂಡ ಹಾಕಲಾಯಿತು. ಬಸವೇಶ್ವರನ ಗುಡಿ ಎಂಬುದನ್ನು ಮತ್ತೊಮ್ಮೆ ಓದಿಕೊಳ್ಳಿ. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನ ಹೊಗಲು ಅಧಿಕಾರಿಗಳು ಮುಂದೆ ನಿಲ್ಲಬೇಕಾಯಿತು. ಪ್ರಕೃತಿಯ ಮಾತಿನ ನಡುವೆ ಇದೆಲ್ಲ ಯಾಕೆ ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿ ದೊಡ್ಡ ಆಲದ ಮರ ಇರುವುದು ಗುಡಿಯ ಮುಂದೆ. ಕಲ್ಯಾಣಿ ಇರುವುದು ಗುಡಿಯ ಪಕ್ಕ. ಕೋಡಿ ಬಿದ್ದ ಕೆರೆಗೆ ಬಾಗಿನ ಬಿಡುವ ಸೋಪಾನ ಯಾರದೆಂಬುದು ಊರಿಗೆಲ್ಲ ಗೊತ್ತು. ಅಂಬೇಡ್ಕರ್ 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು ಬಾಯಾರಿಕೆಗಲ್ಲ. ಊರ ನೆರಳು, ಊರ ನೀರು ಯಾರ ಅಪ್ಪಣೆಯೂ ಇಲ್ಲದೆ ಎಲ್ಲರದಾಗದ ಕಡೆ ‘ಪರಿಸರ ದಿನಾಚರಣೆ’ ಎಂದು ಬ್ಯಾನರ್ ಕಟ್ಟುವುದು ನಾಚಿಕೆಗೇಡು.

ಅತ್ತ ವಾರಾಂತ್ಯ ಬಂದರೆ ಬೆಂಗಳೂರಿನ ಕಾರುಗಳು ಹಾಸನ ಬೈಪಾಸಿನಲ್ಲಿ ಸಾಲುಗಟ್ಟುತ್ತವೆ. ಸಕಲೇಶಪುರದ ಹೋಮ್‌ಸ್ಟೇಗಳು ತುಂಬುತ್ತವೆ. ಚಾರಣಕ್ಕೆ ಆನ್‌ಲೈನ್ ಟಿಕೆಟ್, ಸಫಾರಿಗೆ ಟಿಕೆಟ್. ಅವರು ಬರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಹೋಮ್‌ಸ್ಟೇಗಳಲ್ಲಿ ಹಾಸಿಗೆ ಕೊಡವುವ, ಪಾತ್ರೆ ತೊಳೆಯುವ ಹೆಂಗಸಿನ ಮಕ್ಕಳು ಬಿಸಿಲೆ ಘಾಟಿಯ ನೋಟವನ್ನು ಎಂದಾದರೂ ಅತಿಥಿಗಳಾಗಿ ನೋಡಿದ್ದಾರೆಯೇ? ಹಾಸನದ ಹಾಸ್ಟೆಲುಗಳಲ್ಲಿರುವ ಮಕ್ಕಳಿಗೆ ಹತ್ತಿರದ ಗೆಂಡೆಕಟ್ಟೆ ಕಾಡು, ಸೀಗೆಗುಡ್ಡ ಎಷ್ಟು ದೂರ? ಬಸ್ಸಿನಲ್ಲಿ ಕೆಲವೇ ನಿಮಿಷ. ಕಾಂಪೌಂಡಿನ ಗೇಟಿನ ಲೆಕ್ಕದಲ್ಲಿ ವರ್ಷಗಟ್ಟಲೆ.

ಶಾಲಾ ಪ್ರವಾಸ ಇದೆಯಲ್ಲ ಎನ್ನುತ್ತೀರಿ. ಇದೆ. ಹಣ ಕಟ್ಟಿದವರಿಗೆ ಇದೆ. ಅದೂ ಹೇಗೆ? ಶ್ರವಣಬೆಳಗೊಳಕ್ಕೆ ಹೋದರೆ ಮೆಟ್ಟಿಲು ಓಡಿ ಹತ್ತಿ, ಗೊಮ್ಮಟನ ಮುಂದೆ ಗುಂಪು ಫೋಟೊ ತೆಗೆಸಿ, ಓಡಿ ಇಳಿದು, ಚಿತ್ರಾನ್ನ ತಿಂದು ಮುಂದಿನ ಊರಿಗೆ ಹೊರಡುವುದು. ಎದುರಿಗಿರುವ ಚಂದ್ರಗಿರಿಯ ಮೇಲೆ ಸುಮಾರು 600ನೇ ಇಸವಿಯದೆಂದು ವಿದ್ವಾಂಸರು ಹೇಳುವ ಶಾಸನವೊಂದಿದೆ. ಕಟವಪ್ರವೆಂಬ ಆ ಬೆಟ್ಟದ ಬಗೆಬಗೆಯ ಮರಗಳು, ಹೂ ಹಣ್ಣುಗಳು, ಮೋಡದಂತೆ ಕಪ್ಪಾದ ಬಂಡೆಗಳು, ಗವಿಗಳು, ಅಲ್ಲಿ ಓಡಾಡುವ ಹಂದಿ, ಹುಲಿ, ಕರಡಿ, ಕತ್ತೆಕಿರುಬ, ಹಾವು, ಜಿಂಕೆಗಳನ್ನೆಲ್ಲ ಅದು ಹೆಸರಿಸುತ್ತದೆ. ಸುಮಾರು 1,400 ವರ್ಷದ ಹಿಂದಿನ ಪ್ರಾಣಿ ಗಣತಿ ಎನ್ನಿ! ಇವುಗಳಲ್ಲಿ ಇಂದು ಯಾವುದು ಉಳಿದಿದೆ, ಯಾವುದು ಹೋಯಿತು, ಯಾಕೆ ಹೋಯಿತು ಎಂದು ಆ ಬಂಡೆಯ ಮೇಲೆ ಕೂರಿಸಿ ಕೇಳಿದರೆ ಏಳನೇ ತರಗತಿಯ ಮಗುವಿಗೆ ಇತಿಹಾಸ, ವಿಜ್ಞಾನ ಎರಡೂ ಒಂದೇ ಬೆಳಿಗ್ಗೆ ಸಿಗುತ್ತವೆ.

ನಮ್ಮದೊಬ್ಬರದೇ ಕಥೆ ಇದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ, ದ್ರಾಕ್ಷಿ ಕೊಯ್ಯುವವರಲ್ಲಿ ಬಹುಪಾಲು ಮೆಕ್ಸಿಕೊ ಮೂಲದವರು, ಲ್ಯಾಟಿನೊಗಳು. ಅವರೂ ಹುಟ್ಟಾ ಬಯಲಿನವರೇ. ಆದರೆ ಅಲ್ಲಿನ ಹೆಸರಾಂತ ರಾಷ್ಟ್ರೀಯ ಉದ್ಯಾನಗಳಲ್ಲಿ ಅವರ ಮುಖ ಕಾಣುವುದು ಅಪರೂಪವಾಗಿತ್ತು. ಹೊಸೆ ಗೊನ್ಸಾಲೆಸ್ ಎಂಬ ಮೇಷ್ಟ್ರು 2013ರಲ್ಲಿ ಲ್ಯಾಟಿನೊ ಔಟ್‌ಡೋರ್ಸ್ ಎಂಬ ಸಂಘಟನೆ ಕಟ್ಟಿದರು. ಸ್ವಯಂಸೇವಕರು ಕುಟುಂಬಗಳನ್ನೇ ಕಾಡಿಗೆ, ಕಡಲ ದಂಡೆಗೆ ಕರೆದೊಯ್ಯತೊಡಗಿದರು. 2015ರಲ್ಲಿ ಅಲ್ಲಿನ ಸರ್ಕಾರವೂ ನಾಲ್ಕನೇ ತರಗತಿಯ ಪ್ರತಿ ಮಗುವಿಗೂ, ಜೊತೆಗೆ ಅದರ ಮನೆಯವರಿಗೂ, ಉದ್ಯಾನಗಳ ಪ್ರವೇಶವನ್ನು ಉಚಿತ ಮಾಡಿತು. ನಾವು ಗಮನಿಸಬೇಕಾದದ್ದು ‘ಮನೆಯವರಿಗೂ’ ಎಂಬುದನ್ನು. ಮಗುವನ್ನಷ್ಟೇ ಬಸ್ಸಿಗೆ ಹತ್ತಿಸಲಿಲ್ಲ. ಅಮ್ಮ ಬಂದಳು, ಅಜ್ಜಿ ಬಂದಳು, ಮಾತು ಅವರ ಮನೆಮಾತಿನಲ್ಲೇ ನಡೆಯಿತು.

ಅಜ್ಜಿಯೇ ಇಲ್ಲಿ ಮುಖ್ಯ. ಅರಕಲಗೂಡಿನ ಕೇರಿಯ ಒಬ್ಬ ಅಜ್ಜಿಯನ್ನು ಮಳೆ ಬಿದ್ದ ವಾರದ ನಂತರ ಹೊಲದ ಬದುವಿಗೆ ಕರೆದುಕೊಂಡು ಹೋಗಿ. ಅಣ್ಣೆ, ಗಣಿಕೆ, ಹೊನಗೊನ್ನೆ, ಕನ್ನೆ, ಗೋಣಿ ಎಂದು ಹೆಸರು ಹೇಳುತ್ತಾ ಒಂದು ಮಡಿಲು ಬೆರಕೆಸೊಪ್ಪು ಕಿತ್ತು ಕೊಡುತ್ತಾಳೆ. ಯಾವುದನ್ನು ಎಳೆಯದರಲ್ಲಿ ಕೀಳಬೇಕು, ಯಾವುದು ಹೆಚ್ಚಾದರೆ ಸಾರು ಕಹಿಯಾಗುತ್ತದೆ, ಬಾಣಂತಿಗೆ ಯಾವುದು, ಕಳೆನಾಶಕ ಹೊಡೆದ ಬದುವಿನಲ್ಲಿ ಯಾವುದು ಹುಟ್ಟುವುದೇ ನಿಂತುಹೋಗಿದೆ ಎಂಬುದೆಲ್ಲ ಅವಳಿಗೆ ಗೊತ್ತು. ಕೂಳಿ ಎಲ್ಲಿಟ್ಟರೆ ಮೀನು ಬೀಳುತ್ತದೆ, ಏಡಿ ಯಾವ ಬಿಲದಲ್ಲಿದೆ ಎಂದು ಅವಳ ಗಂಡನಿಗೆ ಗೊತ್ತು. ಈ ವಿದ್ಯೆಗೆ ನಾವು ಬಡತನದ ವಾಸನೆ ಹಚ್ಚಿಬಿಟ್ಟಿದ್ದೇವೆ, ಅವಳ ಮೊಮ್ಮಗಳಿಗೇ ಅದು ಹೇಳಿಕೊಳ್ಳಲು ನಾಚಿಕೆ. ತೇಜಸ್ವಿಯವರ ‘ಕರ್ವಾಲೊ’ ಬಂದು ನಾಲ್ಕು ದಶಕ ಮೀರಿತು. ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ಕೂತು ಅವರು ಬರೆದ ಆ ಕಾದಂಬರಿಯಲ್ಲಿ ವಿಜ್ಞಾನಿಯೇ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬಿ ಕಾಡಿಗೆ ಹೋಗುತ್ತಾನೆ. ಪುಸ್ತಕ ಓದಿ ಮೆಚ್ಚಿದೆವು, ಮಂದಣ್ಣನನ್ನು ಕ್ಲಾಸಿನ ಹಿಂದಿನ ಬೆಂಚಿನಲ್ಲೇ ಕೂರಿಸಿದೆವು.

ಹಾಗಾಗಿ ನಾನು ಕೇಳುತ್ತಿರುವುದು ಬಡ ಮಕ್ಕಳ ಮೇಲಿನ ಕರುಣೆಯಲ್ಲ. ಶಿಬಿರ ಎಂದು ಕರೆದು, ಟೋಪಿ ಹಂಚಿ, ಸ್ವಚ್ಛತೆಯ ಭಾಷಣ ಬಿಗಿಯುವುದಾದರೆ ದಯವಿಟ್ಟು ಬೇಡ. ಆ ಅಜ್ಜಿಗೆ ಸಂಪನ್ಮೂಲ ವ್ಯಕ್ತಿಯ ಗೌರವಧನ ಕೊಟ್ಟು, ಎಲ್ಲ ಜಾತಿಯ ಮಕ್ಕಳನ್ನು ಅವಳ ಮುಂದೆ ಕೂರಿಸಿ. ಅವಳು ಮಾಡಿದ ಸೊಪ್ಪಿನ ಸಾರನ್ನು ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಿ. ಆಗ ಅರ್ಧ ಸಂವಿಧಾನ ಕಲಿಸಿದಂತೆ.

ಹಣ ಎಲ್ಲಿದೆ, ಸಮಯ ಎಲ್ಲಿದೆ ಎನ್ನಬೇಡಿ. ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ಸಂಭ್ರಮ ಶನಿವಾರ, ಅಂದರೆ ಬ್ಯಾಗಿಲ್ಲದ ದಿನ, ಇದೆ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನವಿದೆ. ಶಾಲೆಗಳಲ್ಲಿ ಇಕೋ ಕ್ಲಬ್ಬುಗಳಿವೆ. ಹಲವು ಕಡೆ ಅವು ಕಡತದಲ್ಲಿ ಮಾತ್ರ ಹಸಿರು. ಪಂಚಾಯಿತಿಗಳಲ್ಲಿ ಪರಿಶಿಷ್ಟರಿಗೆಂದು ತೆಗೆದಿಡುವ ಹಣವಿದೆ. ಕೆರೆಗಾಗಿ ದುಡಿಯುವ ಜನರೂ ಈ ಜಿಲ್ಲೆಯಲ್ಲೇ ಇದ್ದಾರೆ. ಹಾಸನದ ಹಸಿರುಭೂಮಿ ಪ್ರತಿಷ್ಠಾನದವರು ಕಲ್ಯಾಣಿ, ಕಟ್ಟೆಗಳ ಹೂಳು ತೆಗೆಯಲು ಗುದ್ದಲಿ ಹಿಡಿದು ಇಳಿದರು. ತಮ್ಮೂರು ಸಂತೇಶಿವರದ ಕೆರೆಗೆ ನೀರು ಬರಬೇಕೆಂದು ಕಾದಂಬರಿಕಾರ ಭೈರಪ್ಪನವರು ಮುಪ್ಪಿನಲ್ಲೂ ಪಟ್ಟು ಹಿಡಿದರು. ಕೆರೆಗೆ ನೀರು ಬಂತು ಎನ್ನೋಣ. ಆ ಏರಿಯ ಮೇಲೆ ಯಾವ ಮಕ್ಕಳು ಕೂರುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಹೆಣ್ಣುಮಕ್ಕಳನ್ನು ಮರೆಯಬೇಡಿ. ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಗೋಡೆಗಳೊಳಗೆ ಉಸಿರು ಕಟ್ಟಿದ ಹೆಂಗಸರ ಬದುಕು ಅವರ ಕಥೆಗಳಲ್ಲಿದೆ. ಅದೇ ಊರಿನ ಮೊಹಲ್ಲಾದ ಹುಡುಗಿಯೊಬ್ಬಳು ಅಮ್ಮನ ಜೊತೆ ಒಂದು ಸಂಜೆ ಹುಣಸಿನಕೆರೆಯ ದಡದಲ್ಲಿ ಯಾರ ಕಣ್ಣಿಗೂ ಹೆದರದೆ ನಡೆದಾಡುವಂತೆ ಮಾಡುವುದು ಆ ಹೆಮ್ಮೆಯ ಮೊದಲ ಕಂತು. ಅದಕ್ಕೆ ಬೇಕಾದದ್ದು ದೊಡ್ಡ ಯೋಜನೆಯಲ್ಲ. ಬೆಳಕು, ಶುಚಿಯಾದ ಶೌಚಾಲಯ, ಜೊತೆಗೆ ನಾಲ್ಕು ಹೆಂಗಸರು.

ಹೋಮ್‌ಸ್ಟೇ, ಎಸ್ಟೇಟು ನಡೆಸುವವರೇ, ಮಳೆಗಾಲ ಮುಗಿದು ಜನ ಬಾರದ ವಾರದ ದಿನಗಳಲ್ಲಿ ನಿಮ್ಮ ಜೀಪು, ಅಂಗಳ ಖಾಲಿ ನಿಂತಿರುತ್ತವೆ. ನಿಮ್ಮಲ್ಲಿ ದುಡಿಯುವವರ ಮಕ್ಕಳನ್ನೇ ಮೊದಲು ಕರೆಯಿರಿ, ಅಸ್ಸಾಮಿನಿಂದ ಬಂದ ಕೂಲಿಯವರ ಮಕ್ಕಳನ್ನೂ. ಈ ಕೇರಿಗಳಿಂದಲೇ ಓದಿ ಹೊರಟು ಹಾಸನದಲ್ಲಿ, ಬೆಂಗಳೂರಿನಲ್ಲಿ ಮನೆ ಕಟ್ಟಿದವರೇ, ಮಕ್ಕಳ ಹುಟ್ಟುಹಬ್ಬಕ್ಕೆ ರೆಸಾರ್ಟು ಹುಡುಕುವ ನೀವು ಒಂದು ಬಸ್ಸಿನ ಬಾಡಿಗೆ ಕೊಡಲಾರಿರಾ? ಬಾಡಿಗೆ ಕೊಟ್ಟು ಮನೆಯಲ್ಲಿ ಕೂರಬೇಡಿ, ಬಸ್ಸು ಹತ್ತಿ.

ಮುಖ್ಯಶಿಕ್ಷಕರೇ, ನಿಮ್ಮ ಮೇಲೆ ಹೊರೆ ಹೆಚ್ಚಿದೆ ಎಂದು ಗೊತ್ತು. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಗಣತಿ ಎಲ್ಲ ನಿಮ್ಮದೇ. ಆದರೂ ಮುಂದಿನ ಸಂಭ್ರಮ ಶನಿವಾರಕ್ಕೆ ಈಗಲೇ ಎಸ್‌ಡಿಎಂಸಿ ಸಭೆ ಕರೆಯಿರಿ. ಪಿಡಿಒಗೆ ಒಂದು ಪತ್ರ, ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ. ಈಜು ಬಲ್ಲ ಇಬ್ಬರನ್ನು ಗೊತ್ತು ಮಾಡಿ, ಉದ್ದನೆಯ ಹಗ್ಗವೊಂದನ್ನು ತರಿಸಿ. ಕೇರಿಯ ಅಜ್ಜಿಯ ಮನೆಗೆ ನೀವೇ ನಡೆದು ಹೋಗಿ, ‘ಅವ್ವ, ಶನಿವಾರ ನಮ್ಮ ಮಕ್ಕಳಿಗೆ ನೀನೇ ಟೀಚರು, ಬರಬೇಕು’ ಎಂದು ಕರೆಯಿರಿ. ಅವಳ ಆ ದಿನದ ಕೂಲಿಯನ್ನು ಮಾತ್ರ ಮುಂಗಡವಾಗಿಯೇ ಕೊಟ್ಟುಬಿಡಿ.